ಈಚಲ ಮರದ ಕೆಳಗೆ

ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದರೂ ಜನ ಹೆಂಡವೆನ್ನುತ್ತಾರೆ ಎಂಬ ಗಾದೆ ನಮ್ಮಲ್ಲಿ ಎಲ್ಲರಿಗೂ ತಿಳಿದದ್ದೇ. ಸಹವಾಸದ ವಿಷಯದಲ್ಲಿ ಎಚ್ಚರಿಕೆಯಿರಲಿ ಎಂದು ಹಿರಿಯರು ಕಿರಿಯರಿಗೆ ಹೇಳುವ ಬುದ್ಧಿಮಾತು ಅದು. ಮೂವತ್ತು ವರ್ಷ ಪಾಠ ಹೇಳಿದ ನಾನೂ ಅದನ್ನು ತರಗತಿಯಲ್ಲಿ ಎಷ್ಟೋ ಸಲ ಉಪಯೋಗಿಸಿದ್ದೇನೆ. ಗಾದೆಯಲ್ಲಿ ಮಜ್ಜಿಗೆ ಕುಡಿಯುವವನಿದ್ದಾನೆ, ನೋಡಿ ಆಡಿಕೊಳ್ಳುವ ಜನರಿದ್ದಾರೆ. ಮರ ಹತ್ತಿ ಹೆಂಡ ಇಳಿಸುವವನು ಮಾತ್ರ ಇಲ್ಲ. ಅವನಿಲ್ಲದೆ ಈ ಗಾದೆಯೇ ಹುಟ್ಟುತ್ತಿರಲಿಲ್ಲವಷ್ಟೆ. ಇಷ್ಟು ಸಣ್ಣ ಸಂಗತಿ ನನಗೆ ಹೊಳೆಯಲು ಅರವತ್ತು ದಾಟಬೇಕಾಯಿತು. ಈಚೆಗೆ ಒಂದು ಶನಿವಾರ ಭಾನುವಾರ ಚಾಮರಾಜನಗರದಿಂದ ಗುಂಡ್ಲುಪೇಟೆಯ ಕಡೆಗೆ ಮಾಡಿದ ಪುಟ್ಟ ಪ್ರಯಾಣವೊಂದು ಅದನ್ನು ಹೊಳೆಯಿಸಿತು. ಆ ಪ್ರಯಾಣದ ನೆಪದಲ್ಲಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಪ್ರಯಾಣಕ್ಕೆ ಕಾರಣನಾದವನು ನನ್ನ ಅಕ್ಕನ ಮಗ. ಅವನಿಗೆ ಬೆಂಗಳೂರಿನ ಕಂಪ್ಯೂಟರ್ ಕಂಪನಿಯೊಂದರಲ್ಲಿ ಕೆಲಸ. ವಾರವೆಲ್ಲ ದುಡಿದು, ವಾರದ ಕೊನೆಗೆ ಗೆಳೆಯರೊಡನೆ ತಿರುಗಾಡುವುದು ಅವನ ಹವ್ಯಾಸ. ೨೦೧೦ರ ಸುಮಾರಿನಿಂದ ಬೆಂಗಳೂರಿನಲ್ಲಿ ಬಿಯರ್ ತಯಾರಿಸುವ ಚಿಕ್ಕ ಚಿಕ್ಕ ಮನೆಗಳು ಹುಟ್ಟಿಕೊಂಡಿವೆ. ಅಲ್ಲಿಯೇ ಕುದಿಸಿ, ಅಲ್ಲಿಯೇ ಹುದುಗಿಸಿ, ಅಲ್ಲಿಯೇ ಬಡಿಸುತ್ತಾರೆ. ದೊಡ್ಡ ಕಾರ್ಖಾನೆಯ ಬಾಟಲಿಗೆ ಇಲ್ಲದ ಕೈಕಸುಬಿನ ಗುಣ ಇದಕ್ಕೆ ಉಂಟೆಂಬುದು ಅಲ್ಲಿಯವರ ಹೆಮ್ಮೆ; ಆದ್ದರಿಂದಲೇ ಅದಕ್ಕೆ ‘ಕ್ರಾಫ್ಟ್ ಬಿಯರ್’ ಎಂದು ಹೆಸರು. ಒಂದೊಂದು ವಾರ ಒಂದೊಂದು ಬಡಾವಣೆಗೆ ಹೋಗಿ, ಯಾರ ಕೈಗುಣ ಹೇಗೆ ಎಂದು ರುಚಿ ನೋಡಿ ಬರುವುದನ್ನು ನಮ್ಮ ಹುಡುಗ ತೀರ್ಥಯಾತ್ರೆಯಂತೆ ನಡೆಸುತ್ತಾನೆ. ಶುಕ್ರವಾರ ರಾತ್ರಿ ನಮ್ಮ ಮನೆಗೆ ಬಂದವನು ಊಟವಾದ ಮೇಲೆ ತುಸು ಸಂಕೋಚದಿಂದಲೇ ಕೇಳಿದ: “ಮಾವ, ನಿಮ್ಮ ಸೀಮೆಯಲ್ಲಿ ಅಂಥದ್ದು ಏನೂ ಇಲ್ಲವೆ? ಎರಡು ದಿನ ತಿರುಗಿ ನೋಡಿ ಬರುವಂಥದ್ದು?”

ನಾನು ಕುಡಿಯುವವನಲ್ಲ. ಕುಡಿಯುವವರನ್ನು ಕಂಡು ಮೂಗು ಮುರಿಯುವ ವಯಸ್ಸೂ ಕಳೆದಿದೆ. “ಇತ್ತು ಕಣಪ್ಪ, ಈಗಿಲ್ಲ. ಇದ್ದ ಜಾಗವನ್ನು ತೋರಿಸುತ್ತೇನೆ, ಬಾ” ಎಂದೆ.

ಶನಿವಾರ ಬೆಳಗ್ಗೆ ಪಾಠ ನಮ್ಮ ಅಡಿಗೆಮನೆಯಲ್ಲೇ ಆರಂಭವಾಯಿತು. ಮೊಮ್ಮಗುವಿಗೆ ಹಿಟ್ಟು ಮಾಡಲೆಂದು ನನ್ನ ಮನೆಯವರು ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿಟ್ಟಿದ್ದರು. ಕಾಳು ಮೊಳೆಯುವಾಗ ಅದರೊಳಗಿನ ಪಿಷ್ಟ ಒಡೆದು ಸಕ್ಕರೆಯಾಗಲು ತೊಡಗುತ್ತದೆ. ಮೊಳಕೆಯನ್ನು ಒಣಗಿಸಿ ಹುರಿದು ಬೀಸಿದರೆ ಮಗುವಿನ ಆಹಾರ. ಬಾರ್ಲಿಯನ್ನು ಹೀಗೆಯೇ ಮೊಳೆಯಿಸಿ, ಒಣಗಿಸಿ, ನುಚ್ಚು ಮಾಡಿ, ಬಿಸಿನೀರಿನಲ್ಲಿ ನೆನೆಯಿಟ್ಟು ಸಿಹಿರಸ ತೆಗೆದು, ಅದಕ್ಕೆ ಹಾಪ್ ಎಂಬ ಬಳ್ಳಿಯ ಕಹಿಹೂವನ್ನು ಹಾಕಿ ಕುದಿಸಿ, ಆರಿದ ಮೇಲೆ ಯೀಸ್ಟ್ ಬೆರೆಸಿಟ್ಟರೆ ಕೆಲವು ದಿನ ಅಥವಾ ಕೆಲವು ವಾರಗಳಲ್ಲಿ ಬಿಯರು. ಜರ್ಮನಿಯ ಬವೇರಿಯದಲ್ಲಿ ೧೫೧೬ರಲ್ಲೇ ರಾಜಶಾಸನವಾಗಿ, ಬಿಯರಿಗೆ ಬಾರ್ಲಿ, ಹಾಪ್, ನೀರು ಇವಿಷ್ಟರ ಹೊರತು ಬೇರೇನೂ ಸೇರಕೂಡದೆಂದು ವಿಧಿಸಲಾಗಿತ್ತು. ಶಾಸನದಲ್ಲಿ ಯೀಸ್ಟಿನ ಹೆಸರಿಲ್ಲ. ಹುದುಗುವಿಕೆ ಜೀವಾಣುಗಳ ಕೆಲಸವೆಂದು ಲೂಯಿ ಪಾಶ್ಚರ್ ತೋರಿಸಿಕೊಟ್ಟದ್ದು ಹತ್ತೊಂಬತ್ತನೆಯ ಶತಮಾನದಲ್ಲಿ; ಬಿಯರನ್ನು ಕುರಿತ ಅವನ ಗ್ರಂಥ ಹೊರಬಂದದ್ದು ೧೮೭೬ರಲ್ಲಿ. ಅಲ್ಲಿಯವರೆಗೆ ಜನ ಕಾಣದ ಜೀವಿಯನ್ನು ನಂಬಿಕೊಂಡು ಕಸುಬು ನಡೆಸಿದ್ದರು. ನಮ್ಮ ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುವಾಗ ನಡೆಸುವ ನಂಬಿಕೆಯೂ ಅಂಥದ್ದೇ.

“ಹಾಗಾದರೆ ರಾಗಿಯಿಂದಲೂ ಆಗುತ್ತದಲ್ಲ?” ಎಂದ ಹುಡುಗ. ಆಗುತ್ತದೆ. ಹಿಮಾಲಯದ ಸಿಕ್ಕಿಮಿನಲ್ಲಿ ರಾಗಿಯ ಪಾನೀಯ ಮನೆಮನೆಯ ಸಂಪ್ರದಾಯ. ನಮ್ಮವರು ರಾಗಿಯನ್ನು ಮುದ್ದೆಗೂ ಅಂಬಲಿಗೂ ಮೀಸಲಿಟ್ಟರು. ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಬಾರ್ಲಿ ಬೆಳೆಯುವ ಚಳಿನಾಡಿಗೆ ಈಚಲ ಮರವಿಲ್ಲ. ಕಾಳನ್ನು ಮೊಳೆಯಿಸಿ ಪಿಷ್ಟವನ್ನು ಸಕ್ಕರೆ ಮಾಡುವ ಶ್ರಮವನ್ನೆಲ್ಲ ನಮ್ಮ ಕಡೆ ಮರವೇ ಮಾಡಿಟ್ಟಿರುತ್ತದೆ. ಅದರ ರಸ ಮೊದಲೇ ಸಿಹಿ. ಯೀಸ್ಟು ಗಾಳಿಯಲ್ಲಿದೆ, ಮಡಕೆಯ ಮೈಯಲ್ಲಿದೆ. ಇನ್ನು ಬೇಕಾದದ್ದು ಮರ ಹತ್ತುವ ಒಬ್ಬ ಮನುಷ್ಯ.

ಇಲ್ಲಿ ಮೂರು ಪದಾರ್ಥಗಳ ಅಂತರವನ್ನು ಸ್ಪಷ್ಟ ಮಾಡಿಕೊಳ್ಳುವುದು ಒಳ್ಳೆಯದು. ನಮ್ಮ ವಾದವಿವಾದಗಳಲ್ಲಿ ಅವು ಸದಾ ಕಲಸಿಹೋಗುತ್ತವೆ. ಕಾಳಿನಿಂದ ಹುದುಗಿಸಿದ್ದು ಬಿಯರು. ಮರದ ರಸ ತಾನಾಗಿ ಹುದುಗಿದ್ದು ಹೆಂಡ, ಕಳ್ಳು, ಸೇಂದಿ. ಹೀಗೆ ಹುದುಗಿದ ಯಾವುದನ್ನಾದರೂ ಕಾಯಿಸಿ, ಆವಿಯನ್ನು ತಣಿಸಿ, ಹನಿಹನಿಯಾಗಿ ಹಿಡಿದರೆ ಸಾರಾಯಿ. ‘ಅರಕ್’ ಎಂಬ ಅರಬ್ಬೀ ಮಾತಿಗೆ ಬೆವರು ಎಂದೇ ಅರ್ಥ. ಭಟ್ಟಿಯ ಕೊಳವೆಯ ತುದಿಯಲ್ಲಿ ಬೆವರಿನಂತೆ ತೊಟ್ಟಿಕ್ಕುವುದನ್ನು ಕಂಡವರು ಇಟ್ಟ ಹೆಸರು. ಮೊದಲಿನ ಎರಡರಲ್ಲಿ ಮದ್ಯಸಾರ ಸಾಮಾನ್ಯವಾಗಿ ನೂರಕ್ಕೆ ನಾಲ್ಕೈದು ಭಾಗ. ಮೂರನೆಯದರಲ್ಲಿ ಅದರ ಹಲವು ಪಟ್ಟು. ಆಗಾಗ ಪತ್ರಿಕೆಗಳಲ್ಲಿ ಓದುವ ಕಳ್ಳಭಟ್ಟಿಯ ಸಾವುಗಳಿಗೆ ಹೆಚ್ಚಾಗಿ ಕಾರಣ ಕೈಗಾರಿಕೆಯ ಮಿಥೈಲ್ ಆಲ್ಕೊಹಾಲಿನ ಬೆರಕೆ. ಕಣ್ಣು ತೆಗೆಯುವುದೂ ಜೀವ ತೆಗೆಯುವುದೂ ಆ ವಿಷವೇ. ೨೦೦೮ರ ಮೇ ತಿಂಗಳಿನಲ್ಲಿ ಬೆಂಗಳೂರಿನ ಸುತ್ತಲೂ ನೆರೆಯ ತಮಿಳುನಾಡಿನ ಕೃಷ್ಣಗಿರಿಯ ಕಡೆಯೂ ನೂರಕ್ಕೂ ಹೆಚ್ಚು ಜನ ಸತ್ತದ್ದು ಅಂಥ ಕಳ್ಳಮದ್ಯ ಕುಡಿದು.

ಮದ್ಯದ ಮೇಲೆ ಆಳುವವರ ಕಣ್ಣು ಬಿದ್ದದ್ದೂ ಇಂದು ನೆನ್ನೆಯಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನೆಂಬ ಅಧಿಕಾರಿಗೆ ಒಂದು ಅಧ್ಯಾಯವೇ ಉಂಟು. ಮೇದಕ, ಪ್ರಸನ್ನಾ, ಆಸವ, ಅರಿಷ್ಟ, ಮೈರೇಯ, ಮಧು ಎಂದು ಬಗೆಗಳನ್ನು ಹೇಳಿ, ಅವುಗಳ ಪಾಕಕ್ರಮವನ್ನೂ ಅಲ್ಲಿ ಕೊಟ್ಟಿದೆ. ಹುದುಗಿಸಲು ಬೆರೆಸುವ ಪದಾರ್ಥಕ್ಕೆ ಅವನು ಬಳಸುವ ಮಾತು ‘ಕಿಣ್ವ’. ಇಂದು ನಮ್ಮ ವಿಜ್ಞಾನ ಪಠ್ಯಪುಸ್ತಕಗಳಲ್ಲಿ ಎನ್‌ಜೈಮಿಗೆ ನಿಂತಿರುವ ಪಾರಿಭಾಷಿಕ ಪದ ಅದೇ ಎಂದರೆ ಸುರೆಯ ಮಡಕೆಯಿಂದ ಪ್ರಯೋಗಶಾಲೆಗೆ ಬಂದ ಪದ ಅದು. ಪಾನಗೃಹದಲ್ಲಿ ಬೇರೆ ಬೇರೆ ಕೋಣೆಗಳು, ಆಸನಗಳು, ಹೂವು, ಗಂಧ, ನೀರು ಇರಬೇಕೆಂದೂ ಕೌಟಿಲ್ಯ ಹೇಳುತ್ತಾನೆ. ಉತ್ಸವ, ಜಾತ್ರೆಗಳ ಕಾಲದಲ್ಲಿ ನಾಲ್ಕು ದಿನ ಜನರೇ ಮದ್ಯ ಮಾಡಿಕೊಳ್ಳಲು ಅನುಮತಿ ಕೊಡುತ್ತಾನೆ. ಬೊಕ್ಕಸದ ಲೆಕ್ಕದಲ್ಲಿ ಅತಿ ಕಠಿಣನಾದ ಆ ಮಂತ್ರಿಗೂ ಇದನ್ನು ಮಾಡುವವರಿದ್ದಾರೆ, ಅವರಿಗೆ ಒಂದು ವಿದ್ಯೆಯಿದೆ ಎಂಬುದು ಮರೆತಿರಲಿಲ್ಲ.

ಹನ್ನೊಂದು ಗಂಟೆಗೆ ಹೊರಟು ತೆರಕಣಾಂಬಿಯ ದಾರಿಯಲ್ಲಿ ಗುಂಡ್ಲುಪೇಟೆಯ ಕಡೆ ನಡೆದೆವು. ಅರಿಶಿನದ ಹೊಲಗಳು, ಚೆಂಡುಹೂವಿನ ಹೊಲಗಳು. ದೂರದಲ್ಲಿ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ನೀಲಿ. ಹುಡುಗ ಕಾರು ನಡೆಸುತ್ತಿದ್ದ, ನಾನು ಮಾತು ನಡೆಸುತ್ತಿದ್ದೆ. ಅಧ್ಯಾಪಕನಿಗೆ ಒಬ್ಬನೇ ವಿದ್ಯಾರ್ಥಿ ಸಿಕ್ಕರೂ ಸಾಕು, ತರಗತಿ ಪೂರ್ತಿಯಾದಂತೆಯೇ.

ಕನ್ನಡ ಸಾಹಿತ್ಯಕ್ಕೆ ಹೆಂಡದ ವಾಸನೆ ಅಪರಿಚಿತವಲ್ಲ. ೯೪೧ರಲ್ಲಿ ಪಂಪ ಬರೆದ ವಿಕ್ರಮಾರ್ಜುನವಿಜಯದ ನಾಲ್ಕನೆಯ ಆಶ್ವಾಸದಲ್ಲಿ ಪಾನಗೋಷ್ಠಿಯ ವರ್ಣನೆಯಿದೆ. ಜೈನಕವಿ ಅದನ್ನು ಕಣ್ತುಂಬ ಕಂಡವನಂತೆ ಬಣ್ಣಿಸುತ್ತಾನೆ. ಆದರೆ ಅದು ಕುಡಿಯುವವರ ಚಿತ್ರ. ಮಾಡುವವನು, ಮಾರುವವನು ಕನ್ನಡದಲ್ಲಿ ತಾನೇ ಬಾಯಿಬಿಟ್ಟು ಮಾತಾಡಲು ಹನ್ನೆರಡನೆಯ ಶತಮಾನ ಬರಬೇಕಾಯಿತು. ಶರಣರಲ್ಲಿ ಹೆಂಡದ ಮಾರಯ್ಯ ಎಂಬ ಒಬ್ಬ ವಚನಕಾರನಿದ್ದಾನೆ. ಧರ್ಮೇಶ್ವರಲಿಂಗ ಎಂಬುದು ಅವನ ಅಂಕಿತ. ಅವನ ವಚನಗಳು ಕೆಲವೇ ಕೆಲವು ಸಿಕ್ಕಿವೆ. ತನ್ನ ಮಡಕೆ, ತನ್ನ ಅಂಗಡಿ, ತನ್ನ ಗಿರಾಕಿ ಇವುಗಳನ್ನೇ ಹಿಡಿದು ಅವನು ಅನುಭಾವದ ಮಾತಾಡುತ್ತಾನೆ. ಕಸುಬಿನ ಹೆಸರನ್ನು ಮರೆಮಾಚದೆ ತನ್ನ ಹೆಸರಿನ ಮುಂದೆಯೇ ಧರಿಸಿದ ಆ ಧೈರ್ಯ ನನಗೆ ಅವನ ವಚನಗಳಷ್ಟೇ ದೊಡ್ಡದಾಗಿ ಕಾಣುತ್ತದೆ.

ಎರಡನೆಯ ಮಡಕೆ ನಮ್ಮ ಸೀಮೆಯ ಬಾಯಲ್ಲೇ ಇರುವಂಥದ್ದು. ನೀಲಗಾರರು ರಾತ್ರಿಯೆಲ್ಲ ತಂಬೂರಿ ಮೀಟಿ ಹಾಡುವ ಮಂಟೇಸ್ವಾಮಿ ಕಾವ್ಯದಲ್ಲಿ ಮಂಟೇಸ್ವಾಮಿ ಕಲ್ಯಾಣಕ್ಕೆ ಬರುವ ಸಂದರ್ಭ ಕೇಳಿದವರಿಗೆ ಮರೆಯುವಂತಿಲ್ಲ. ಮೈಯೆಲ್ಲ ಹೊಲಸು, ನೊಣ ಮುತ್ತಿದ ಅಸಹ್ಯ ವೇಷ, ಜೊತೆಗೆ ಹೆಂಡ. ಬಾಗಿಲಲ್ಲಿದ್ದವರು ಮೂಗು ಮುಚ್ಚಿಕೊಂಡು ಅಟ್ಟುತ್ತಾರೆ. ವಿಭೂತಿ ಬಳಿದುಕೊಂಡು ಒಳಗೆ ಕುಳಿತವರ ಬಣ್ಣ ಬಯಲಾಗುವುದು ಆ ವೇಷದ ಮುಂದೆಯೇ. ಕೊಳ್ಳೇಗಾಲದ ಕಡೆಯ ಚಿಕ್ಕಲ್ಲೂರಿನ ಜಾತ್ರೆಗೆ ಇಂದಿಗೂ ಸಾವಿರಾರು ಜನ ಸೇರುತ್ತಾರೆ. ಅವರಿಗೆ ಇದು ಕಥೆಗಿಂತ ಹೆಚ್ಚಿನದು: ದೇವರು ಯಾವ ರೂಪದಲ್ಲಿ ಬಂದಾನೆಂದು ಹೇಳಲಾಗದು, ಬಾಗಿಲಿಂದ ಯಾರನ್ನು ಅಟ್ಟುತ್ತಿದ್ದೇವೆ ನೋಡಿಕೊಳ್ಳಿ ಎಂಬ ಎಚ್ಚರಿಕೆ.

ಮೂರನೆಯ ಮಡಕೆ ‘ರತ್ನನ ಪದಗಳು’. ಆ ಹೆಸರು ಹೇಳಿದೊಡನೆ ಹುಡುಗನ ಮುಖ ಅರಳಿತು. ಹಾಡುಗಳ ರೂಪದಲ್ಲಿ ಅವನಿಗೂ ಅದು ಗೊತ್ತು. ಜಿ. ಪಿ. ರಾಜರತ್ನಂ ಅವರ ಹೆಸರಿನ ಆ ಎರಡು ಅಕ್ಷರಗಳ ಬಿಡಿಸಿದ ರೂಪ ಗುಂಡ್ಲು ಪಂಡಿತ ಎಂದು. ಆ ಮನೆತನದ ಹೆಸರು ಕೇಳಿದಾಗಲೆಲ್ಲ ನಮಗೆ ನಮ್ಮ ಗುಂಡ್ಲುಹೊಳೆ ನೆನಪಾಗದೆ ಇರದು. ಹುಟ್ಟಿದ್ದು ೧೯೦೯ರಲ್ಲಿ ರಾಮನಗರದಲ್ಲಿ, ತೀರಿಕೊಂಡದ್ದು ೧೯೭೯ರಲ್ಲಿ. ಬೌದ್ಧ, ಜೈನ ಸಾಹಿತ್ಯಗಳಲ್ಲಿ ಮುಳುಗಿದ್ದ ವಿದ್ವಾಂಸರು, ಮಕ್ಕಳಿಗೆ ಪದ್ಯ ಬರೆದ ಮೇಷ್ಟ್ರು, ತಾವಾಗಿ ಹೆಂಡ ಮುಟ್ಟದವರು. ಅಂಥವರು ಒಬ್ಬ ಕುಡುಕನ ಬಾಯಿಗೆ ಅವನ ಮಾತನ್ನೇ ಕೊಟ್ಟು, ಅವನಿಗೂ ಹೆಂಡತಿಯ ಮೇಲೆ ಪ್ರೀತಿಯುಂಟು, ಕನ್ನಡದ ಮೇಲೆ ಅಭಿಮಾನವುಂಟು, ದೇವರೊಡನೆ ಜಗಳವುಂಟು ಎಂದು ತೋರಿಸಿದರು. ಈಚಲ ಮರದ ಕೆಳಗೆ ಮಜ್ಜಿಗೆ ಕುಡಿದು, ಜನ ಏನೆಂದಾರೆಂದು ಹೆದರದೆ ಕುಳಿತ ಮಹಾನುಭಾವರು ಅವರು.

ಗುಂಡ್ಲುಪೇಟೆ ತಲಪಿದಾಗ ಊಟದ ಹೊತ್ತು. ಇದು ಮೂರು ರಾಜ್ಯಗಳ ದಾರಿ ಕೂಡುವ ಊರು. ಮೈಸೂರಿನಿಂದ ಬಂದ ಹೆದ್ದಾರಿ ಇಲ್ಲಿ ಕವಲೊಡೆದು, ಒಂದು ಕವಲು ಬಂಡೀಪುರದ ಮೂಲಕ ಊಟಿಗೂ ಇನ್ನೊಂದು ವಯನಾಡಿನ ಸುಲ್ತಾನ್ ಬತ್ತೇರಿಗೂ ಹೋಗುತ್ತದೆ. ಆ ಕವಲಿನಲ್ಲಿ ಕಾರು ನಿಲ್ಲಿಸಲು ಹೇಳಿದೆ. ಒಂದೇ ಮರ, ಒಂದೇ ರಸ. ಆದರೆ ಇಲ್ಲಿಂದ ಹೊರಡುವ ಮೂರು ದಾರಿಗಳಲ್ಲಿ ಮೂರು ನ್ಯಾಯ. ತಮಿಳುನಾಡು ೧೯೮೭ರಲ್ಲಿ ಹೆಂಡವನ್ನೂ ಸಾರಾಯಿಯನ್ನೂ ನಿಷೇಧಿಸಿತು. ಅಲ್ಲಿ ವಿಸ್ಕಿ, ಬ್ರಾಂದಿಗಳನ್ನು ೨೦೦೩ರಿಂದ ಸರ್ಕಾರದ ನಿಗಮವೇ ಅಂಗಡಿಯಿಟ್ಟು ಮಾರುತ್ತದೆ. ಕೇರಳ ೧೯೯೬ರಲ್ಲಿ ಸಾರಾಯಿಯನ್ನು ತೆಗೆದುಹಾಕಿ, ಕಳ್ಳನ್ನು ಉಳಿಸಿಕೊಂಡಿತು. ಅಲ್ಲಿ ಕಳ್ಳಿನಂಗಡಿಗೆ ಬೋರ್ಡೂ ಉಂಟು, ಮೀನಿನ ಸಾರೂ ಉಂಟು. ಮರ ಹತ್ತುವ ಕುಲದವರಿಗೆ ಆ ಕಸುಬನ್ನೂ ಆ ಪಾನವನ್ನೂ ಬಿಡಿರೆಂದು ೧೯೨೦ರ ಸುಮಾರಿನಲ್ಲಿ ಬೋಧಿಸಿದ ನಾರಾಯಣ ಗುರುಗಳು ಹುಟ್ಟಿದ್ದೂ ಅದೇ ನಾಡಿನಲ್ಲಿ ಎಂಬುದನ್ನು ಮರೆಯಬಾರದು. ನಮ್ಮ ಕರ್ನಾಟಕದಲ್ಲಿ ಈ ಶತಮಾನದ ಮೊದಲ ದಶಕದಲ್ಲಿ ಕರಾವಳಿಯ ಕಡೆಗೆ ಬಿಟ್ಟು ಉಳಿದೆಡೆ ಹೆಂಡ ನಿಂತಿತು. ೨೦೦೭ರ ಜುಲೈ ೧ರಿಂದ ಸಾರಾಯಿಯೂ ನಿಂತಿತು.

ಈ ಜಿಲ್ಲೆಯೊಳಗೇ ಎರಡು ನ್ಯಾಯವಿದ್ದ ಕಾಲವೂ ಉಂಟು. ಚಾಮರಾಜನಗರ, ಗುಂಡ್ಲುಪೇಟೆಗಳು ಮೈಸೂರು ಸಂಸ್ಥಾನದವು. ಕೊಳ್ಳೇಗಾಲ ೧೯೫೬ರ ನವೆಂಬರಿನವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮದರಾಸು ಪ್ರಾಂತ ೧೯೩೭ರಲ್ಲಿ ಸೇಲಂ ಜಿಲ್ಲೆಯಿಂದ ಆರಂಭಿಸಿದ ಪಾನನಿಷೇಧವನ್ನು ೧೯೪೮ರ ಹೊತ್ತಿಗೆ ಪ್ರಾಂತಕ್ಕೆಲ್ಲ ಹಬ್ಬಿಸಿತ್ತು. ಮೈಸೂರು ರಾಜ್ಯದಲ್ಲಿ ಹಲವು ಜಿಲ್ಲೆಗಳಲ್ಲಿದ್ದ ನಿಷೇಧ ೧೯೬೭ರಲ್ಲಿ ಹೋಯಿತು. ಮರಕ್ಕೆ ಇದಾವುದೂ ತಿಳಿಯದು. ಚಳಿ ಬಂದೊಡನೆ ರಸ ಏರುವುದು ಅದರ ಧರ್ಮ.

“ನಿಲ್ಲಿಸಿದ್ದು ತಪ್ಪಲ್ಲವೆ ಮಾವ?” ಎಂದು ಹುಡುಗ ಕೇಳಿದ. ಹಾಗೆ ಒಂದೇ ಮಾತಿನಲ್ಲಿ ಹೇಳಲಾರೆ. ನಿಲ್ಲಿಸಿದವರಿಗೆ ಕಾರಣಗಳಿದ್ದವು. ಗುತ್ತಿಗೆ ಹರಾಜಾಗುವ ಕಾಲದಲ್ಲಿ ಇದ್ದ ಮರಗಳು ಕೊಡಬಹುದಾದದ್ದಕ್ಕಿಂತ ಹೆಚ್ಚು ಹೆಂಡ ಅಂಗಡಿಗಳಲ್ಲಿ ಹರಿಯುತ್ತಿತ್ತು. ಹೆಚ್ಚಿನದು ಎಲ್ಲಿಂದ ಬಂತೆಂದರೆ ನೀರು, ಸ್ಯಾಕರಿನ್, ಮತ್ತಿಗಾಗಿ ಕ್ಲೋರಲ್ ಹೈಡ್ರೇಟ್ ಎಂಬ ನಿದ್ದೆಯ ಔಷಧ. ಸಾರಾಯಿಯಂತೂ ಪ್ಲಾಸ್ಟಿಕ್ ಪ್ಯಾಕೆಟ್ಟಿನಲ್ಲಿ ಕೂಲಿಯ ದಾರಿಯಲ್ಲೇ ಕಾದು ಕುಳಿತಿತ್ತು. ಸಂಜೆಯ ಕೂಲಿ ಮನೆಗೆ ಬಾರದೆ ಗಡಂಗಿನಲ್ಲೇ ಮುಗಿದ ಮನೆಗಳ ಹೆಂಗಸರು ಬೀದಿಗೆ ಬಂದದ್ದು ಸುಮ್ಮನೆಯಲ್ಲ. ನೆರೆಯ ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದಿಂದ ೧೯೯೨ರಲ್ಲಿ ಹೊರಟ ಹೆಂಗಸರ ಚಳವಳಿ ಮರುವರ್ಷವೇ ಅಲ್ಲಿಯ ಸಾರಾಯಿಯನ್ನು ನಿಲ್ಲಿಸಿದ್ದನ್ನು ನಾವು ಪತ್ರಿಕೆಗಳಲ್ಲಿ ಓದಿದ್ದೇವೆ. ಆ ಹೆಂಗಸರ ಮುಂದೆ ನಿಂತು ಈಚಲ ಹೆಂಡದ ಸೊಗಸನ್ನು ವರ್ಣಿಸುವ ಧೈರ್ಯ ನನಗಿಲ್ಲ.

ಭಾನುವಾರ ಬೆಳಗ್ಗೆ ನನ್ನ ಹುಟ್ಟೂರಿಗೆ ಹೋದೆವು. ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಹರಿದು ಬಂದು ನಂಜನಗೂಡಿನಲ್ಲಿ ಕಪಿಲೆಯನ್ನು ಸೇರುವ ಗುಂಡ್ಲುಹೊಳೆಯ ದಂಡೆಯ ಒಂದು ಹಳ್ಳಿ ಅದು. ಹೊಳೆ ಈಗ ಬಹುಕಾಲ ಒಣಗಿಯೇ ಇರುತ್ತದೆ. ದಂಡೆಯಲ್ಲಿ ಹತ್ತಾರು ಈಚಲ ಮರಗಳು ಮಾತ್ರ ಉಳಿದಿವೆ. ಅಲ್ಲಿ ನನಗೊಬ್ಬ ಸಹಪಾಠಿಯಿದ್ದಾನೆ. ಅವನ ತಂದೆ ಹೆಂಡ ಇಳಿಸುವ ಕಸುಬಿನವನು.

ಎಪ್ಪತ್ತರ ಆಸುಪಾಸಿನ ಮಾತು. ಮನೆಯ ಮೂಲೆಯಲ್ಲಿ ಮಡಕೆಗಳಿರುತ್ತಿದ್ದುದರಿಂದ ಅವನ ಅಂಗಿಗೂ ಪುಸ್ತಕದ ಚೀಲಕ್ಕೂ ಹುಳಿಹೆಂಡದ ಒಂದು ವಾಸನೆ. ನಮ್ಮ ತರಗತಿಯಲ್ಲಿ ಅವನಷ್ಟು ನೆನಪಿನ ಶಕ್ತಿ ಇನ್ನೊಬ್ಬನಿಗಿರಲಿಲ್ಲ. ನೀಲಗಾರರ ಬಾಯಿಂದ ಕೇಳಿದ ಮಂಟೇಸ್ವಾಮಿಯ ಕಥೆಯನ್ನು ಗಂಟೆಗಟ್ಟಲೆ ಹೇಳುತ್ತಿದ್ದ. ಕಲ್ಯಾಣದ ಬಾಗಿಲಿನ ಪ್ರಸಂಗವನ್ನು ನಾನು ಮೊದಲು ಕೇಳಿದ್ದು ಅವನ ಬಾಯಲ್ಲೇ, ಹೊಳೆಯ ಮರಳಿನ ಮೇಲೆ ಕುಳಿತು. ಒಂದು ದಿನ ಮೇಷ್ಟ್ರೊಬ್ಬರು ಅವನ ಚೀಲವನ್ನು ಮೂಗಿಗೆ ಹಿಡಿದು, ಇದು ಶಾಲೆಯೋ ಹೆಂಡದಂಗಡಿಯೋ ಎಂದು ಕೇಳಿ, ಅವನನ್ನು ಬಾಗಿಲ ಬಳಿ ಒಂಟಿಯಾಗಿ ಕೂರಿಸಿದರು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಮರುದಿನದಿಂದ ಅವನು ಶಾಲೆಗೆ ಬರಲಿಲ್ಲ.

ಮುಂದೆ ನಾನು ಮೈಸೂರಿಗೆ ಹೋಗಿ ಕನ್ನಡ ಎಂ. ಎ. ಓದಿದೆ. ಮಂಟೇಸ್ವಾಮಿಯ ಕಥೆ ಅಲ್ಲಿ ಜಾನಪದವೆಂಬ ಹೆಸರಿನಲ್ಲಿ ಪಾಠವಾಗಿತ್ತು. ರತ್ನನ ಪದಗಳನ್ನು ಪಾಠ ಹೇಳುವಾಗ ಕುಡುಕನ ಉಚ್ಚಾರಣೆಯನ್ನು ಅನುಕರಿಸಿ ಮೂವತ್ತು ವರ್ಷ ವಿದ್ಯಾರ್ಥಿಗಳನ್ನು ನಗಿಸಿದೆ. ಹೆಂಡದ ಪದ್ಯಕ್ಕೆ ತಲೆದೂಗುವುದು ಸುಲಭ. ಹೆಂಡ ಇಳಿಸಿದವನ ಮಗನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದು ಕಷ್ಟ ಎಂಬುದನ್ನು ಯಾವ ತರಗತಿಯಲ್ಲೂ ನಾನು ಹೇಳಲಿಲ್ಲ.

ಸಹಪಾಠಿ ನಮ್ಮನ್ನು ಹೊಳೆಯ ದಂಡೆಗೆ ಕರೆದುಕೊಂಡು ಹೋದ. ನಡಿಗೆ ನಿಧಾನ, ಮಾತು ಮಾತ್ರ ಹಳೆಯ ಚುರುಕು. ಒಂದು ಮುದಿ ಈಚಲ ಮರದ ಮುಂದೆ ನಿಂತು ಅದರ ಮೈಯನ್ನು ತೋರಿಸಿದ. ತೆಂಗು, ತಾಳೆಗಳಲ್ಲಿ ಹೊಂಬಾಳೆಯ ತುದಿಯನ್ನು ಸವರಿ ರಸ ಇಳಿಸುತ್ತಾರೆ. ಈಚಲಿನಲ್ಲಿ ಹಾಗಲ್ಲ; ಸುಳಿಯ ಕೆಳಗೆ ಒಂದು ಮಗ್ಗುಲಿನ ಗರಿಗಳನ್ನು ತೆಗೆದು, ಕಾಂಡದ ಮೈಯನ್ನೇ ತೆಳ್ಳಗೆ ಕೆತ್ತಿ, ಗಾಯದ ಬಾಯಿಗೆ ದೋಣಿಯಂತೆ ಒಂದು ಚಕ್ಕೆ ಸಿಕ್ಕಿಸಿ, ಅದರ ಕೆಳಗೆ ಮಡಕೆ ಕಟ್ಟಬೇಕು. ಸಂಜೆ ಕಟ್ಟಿದ ಮಡಕೆಯನ್ನು ಹೊತ್ತು ಹುಟ್ಟುವ ಮೊದಲೇ ಇಳಿಸಬೇಕು. ಮಡಕೆಯೊಳಗೆ ಸುಣ್ಣ ಬಳಿದಿದ್ದರೆ ರಸ ಹುದುಗದೆ ಸಿಹಿಯಾಗಿ ಉಳಿಯುತ್ತದೆ, ಅದು ನೀರಾ. ಸುಣ್ಣವಿಲ್ಲದಿದ್ದರೆ ಬಿಸಿಲೇರುತ್ತಿದ್ದಂತೆ ನೊರೆಯೆದ್ದು ಹೆಂಡ. ಮರುದಿನಕ್ಕೆ ಹುಳಿ. ಇನ್ನೂ ಬಿಟ್ಟರೆ ಬರಿಯ ವಿನೆಗರು. ಈ ವರ್ಷ ಒಂದು ಮಗ್ಗುಲು ಕೆತ್ತಿದರೆ ಮುಂದಿನ ವರ್ಷ ಎದುರು ಮಗ್ಗುಲು. ಹಾಗಾಗಿ ಮರದ ಮೈ ಎಡಕ್ಕೂ ಬಲಕ್ಕೂ ತಿರುಗಿ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಗಾಯಗಳನ್ನು ಎಣಿಸಿದರೆ ಎಷ್ಟು ಚಳಿಗಾಲ ಇಳಿಸಿದರೆಂಬುದು ತಿಳಿಯುತ್ತದೆ. ನಾವು ಮೂವರೂ ಕತ್ತು ಎತ್ತಿ ಎಣಿಸಿದೆವು. ಹನ್ನೊಂದು. ಅದರ ಮೇಲೆ ಕಾಂಡ ನೆಟ್ಟಗೆ ನುಣ್ಣಗೆ ಬೆಳೆದು ಹೋಗಿದೆ.

“ಅಷ್ಟಕ್ಕೇ ಯಾಕ ಬುಟ್ರು?” ಎಂದು ನಾನೂ ಅವನ ಮಾತಿನಲ್ಲೇ ಕೇಳಿದೆ.

ಗುತ್ತಿಗೆಯವನು ಅಂಗಡಿಯಲ್ಲಿ ಪುಡಿ ಬೆರೆಸತೊಡಗಿದ್ದನ್ನು ಅವನ ತಂದೆ ಕಂಡನಂತೆ. ನನ್ನ ಕೈಯಿಂದ ಇಳಿದದ್ದಕ್ಕೆ ವಿಷ ಹಾಕುವುದಾದರೆ ನಾನು ಮರ ಹತ್ತುವುದಿಲ್ಲವೆಂದು ಆ ಚಳಿಗಾಲವೇ ಕತ್ತಿಯನ್ನು ಸೂರಿಗೆ ಸಿಕ್ಕಿಸಿದನಂತೆ. ಮತ್ತೆ ತೆಗೆಯಲಿಲ್ಲ. “ನಮ್ಮಪ್ಪ ಒಂದಿನ ಕುಡುದೋನಲ್ಲ ಮೇಷ್ಟ್ರ. ಮರ ಹತ್ತವ್ನು ಕುಡಿದ್ರ ಉಳುದಾನಾ? ಬೆಳಗಿನ ಜಾವ್ದಲ್ಲಿ ಮಂಜು ಬಿದ್ದು ಮರ ಜಾರ್ತದ. ಕೈಲಿ ಕತ್ತಿ, ಸೊಂಟ್ದಲ್ಲಿ ಹಗ್ಗ” ಎಂದ. ಈ ಮಾತು ಕೇಳಿ ನಾನು ಸ್ವಲ್ಪ ಹೊತ್ತು ಸುಮ್ಮನಾದೆ. ಊರಿಗೆಲ್ಲ ಮತ್ತು ಒದಗಿಸುವವನು ತಾನು ಎಚ್ಚರವಾಗಿರಲೇಬೇಕು. ಆ ಎಚ್ಚರವೇ ಅವನ ಕಸುಬು. ಚೀಲದ ವಾಸನೆ ನೋಡಿ ನಕ್ಕ ನಮಗೆ ಅದು ಹೇಗೆ ತಿಳಿಯಬೇಕಿತ್ತು?

ಹಾಗಾದರೆ ಹೆಂಡ ಮತ್ತೆ ಬರಬೇಕೆಂದು ಅವನು ಬಯಸುತ್ತಾನೆಂದು ಹುಡುಗ ಎಣಿಸಿದ್ದ. ಅವನು ತಲೆಯಾಡಿಸಿದ. ಅವನ ಒಬ್ಬನೇ ಮಗ ಕುಡಿತಕ್ಕೆ ಬಿದ್ದದ್ದು ಹೆಂಡವೂ ಸಾರಾಯಿಯೂ ನಿಂತ ಮೇಲೆ. ಹಣ್ಣಿನ ರಸದ ಡಬ್ಬಿಯಂಥ ಪುಟ್ಟ ಕಾಗದದ ಪೊಟ್ಟಣದಲ್ಲಿ ಸಿಗುವ ಅಗ್ಗದ ವಿಸ್ಕಿ ಅವನನ್ನು ಎರಡು ವರ್ಷಗಳ ಹಿಂದೆ ತೆಗೆದುಕೊಂಡು ಹೋಯಿತು. ಮೂವತ್ತೆಂಟು ವಯಸ್ಸು. ಸೊಸೆ ಹೂವಿನ ಹೊಲದ ಕೂಲಿಗೆ ಹೋಗುತ್ತಾಳೆ. ಮೊಮ್ಮಗಳು ಗುಂಡ್ಲುಪೇಟೆಯಲ್ಲಿ ಕಾಲೇಜು ಓದುತ್ತಾಳೆ. “ಯಾವ್ದೂ ಬ್ಯಾಡ ಬುಡಿ” ಎಂದ. “ಮರ ಹಿಂಗೇ ಇರ್ಲಿ.”

ಹುಡುಗ ಬೆಂಗಳೂರಿನ ತನ್ನ ತಿರುಗಾಟದ ಸಂಗತಿ ಹೇಳಿದ. ಅಲ್ಲಿಯ ತಯಾರಕರು ತಮ್ಮ ತಾಮ್ರದ ಹಂಡೆಗಳನ್ನು ಗಾಜಿನಾಚೆ ಇಟ್ಟು ತೋರಿಸುತ್ತಾರೆ, ಮಾಡುವ ಬಗೆಯನ್ನು ವಿವರಿಸುತ್ತಾರೆ, ಜನ ಕುತೂಹಲದಿಂದ ಕೇಳುತ್ತಾರೆ ಎಂದ. ಒಂದು ಲೋಟದ ಬೆಲೆಯನ್ನೂ ಹೇಳಿದ. ಬೆಲೆ ಕೇಳಿ ನನ್ನ ಸಹಪಾಠಿ ನಕ್ಕ. “ಅದೂ ಕೈಕಸ್ಬೇಯಾ? ನಮ್ಮಪ್ಪನೂ ಅದ್ನೇ ಮಾಡ್ದ ಕನಪ್ಪ. ನೋಡಕ ಮಾತ್ರ ಯಾರೂ ಬರ್ನಿಲ್ಲ” ಎಂದ. ಆ ನಗೆಯಲ್ಲಿ ಕಹಿಯಿರಲಿಲ್ಲ. ಇದ್ದಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

ಬೆಲ್ಜಿಯಂ ದೇಶದ ಬಿಯರ್ ಸಂಸ್ಕೃತಿಯನ್ನು ೨೦೧೬ರಲ್ಲಿ ಯುನೆಸ್ಕೊ ಮಾನವಕುಲದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಅಲ್ಲಿ ಮಠಗಳ ಸನ್ಯಾಸಿಗಳೂ ಶತಮಾನಗಳಿಂದ ಅದನ್ನು ತಯಾರಿಸುತ್ತ ಬಂದಿದ್ದಾರೆ. ನಮ್ಮ ಈಚಲು ಯಾವ ಪಟ್ಟಿಗೂ ಸೇರಬೇಕೆಂದು ನನ್ನ ವಾದವಲ್ಲ. ನಿಂತುಹೋದ ಅಂಗಡಿಗಳ ಬಾಗಿಲು ತೆರೆಯಬೇಕೆಂದೂ ಅಲ್ಲ. ಕಸುಬು ನಿಲ್ಲಬಹುದು, ನಿಲ್ಲಬೇಕಾದ ಕಾಲವೂ ಬರಬಹುದು. ಅದರ ವಿದ್ಯೆಯನ್ನೂ ಆ ವಿದ್ಯೆ ಬಲ್ಲವನ ಮರ್ಯಾದೆಯನ್ನೂ ಅದರೊಡನೆ ಹೂಳಬೇಕಾಗಿಲ್ಲ. ಹೆಂಡದ ಮಾರಯ್ಯನಿಗೆ ಅನುಭಾವದ ನೆರವಿಯಲ್ಲಿ ಜಾಗ ಕೊಟ್ಟ ಭಾಷೆ ನಮ್ಮದು. ಶಾಲೆಯ ಬೆಂಚಿನಲ್ಲಿ ಒಬ್ಬ ಹುಡುಗನಿಗೆ ಜಾಗ ಕೊಡಲು ಅದೇ ಭಾಷೆಯನ್ನು ಕಲಿಸುತ್ತಿದ್ದವರಿಗೆ ಆಗಲಿಲ್ಲ, ಕಲಿಯುತ್ತಿದ್ದ ನಮಗೂ ಆಗಲಿಲ್ಲ.

ಹೊರಡುವ ಮುನ್ನ ಅವನ ಸೊಸೆ ಚೊಂಬಿನಲ್ಲಿ ಮಜ್ಜಿಗೆಯನ್ನೂ ಮೂರು ಲೋಟಗಳನ್ನೂ ಹೊಳೆಯ ದಂಡೆಗೇ ತಂದುಕೊಟ್ಟರು. ಮೂವರೂ ಆ ಈಚಲ ಮರದ ಕೆಳಗೆ ಕುಳಿತೆವು. ಏರಿಯ ಮೇಲೆ ಹೋಗುತ್ತಿದ್ದವರು ನಮ್ಮನ್ನು ನೋಡಿಕೊಂಡು ಹೋದರು; ಏನೆಂದುಕೊಂಡರೋ ತಿಳಿಯದು. ಐವತ್ತು ವರ್ಷಗಳಿಂದ ಗಂಟಲಲ್ಲಿದ್ದ ಮಾತನ್ನು ನಾನು ಆಗ ಹೊರಗೆ ಹಾಕಿದೆ. “ಆವತ್ತು ಶಾಲೆಯಲ್ಲಿ ನಾನೂ ನಕ್ಕಿದ್ದೆ ಕಣಯ್ಯ” ಎಂದೆ.

ಅವನು ಲೋಟವನ್ನು ನನ್ನ ಕಡೆ ಸರಿಸಿದ. “ನೀವೊಬ್ರೇ ನಕ್ಕಿದ್ರಾ ಮೇಷ್ಟ್ರ, ಎಲ್ರೂ ನಕ್ಕಿದ್ರು. ಕುಡೀರಿ, ಬಿಸ್ಲು ಏರ್ತಾ ಅದ, ಮಜ್ಗ ಹುಳಿಯಾಯ್ತದ.”

(ಬಾನುಲಿ ಭಾಷಣ)